ಅಕ್ಕೋರ ಬಾನಿ

ಮನುಷ್ಯ ಎಲ್ಲಿ ಕೂತರೆ ಊರು ಸುಮ್ಮನಿರುತ್ತದೆ, ಎಲ್ಲಿ ಕೂತರೆ ಊರಿಗೆ ಸಂಕಟ ಶುರುವಾಗುತ್ತದೆ ಎಂಬುದರ ಬಗ್ಗೆ ನಾನು ಬೇಕಾದಷ್ಟು ವಿಚಾರ ಮಾಡಿದ್ದೇನೆ. ನಮ್ಮ ಬ್ಯಾಡಗಿಯಲ್ಲಿ ಗಂಡಸರು ಕಟ್ಟೆಯ ಮೇಲೆ ಕೂಡಬಹುದು, ಚಹದಂಗಡಿಯ ಬೆಂಚಿನ ಮೇಲೆ ಕೂಡಬಹುದು, ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಕೂತು ಹಲ್ಲಿಗೆ ಕಡ್ಡಿ ಹಾಕುತ್ತ ಇಡೀ ಮಧ್ಯಾಹ್ನ ಕಳೆಯಬಹುದು. "ಯಾಕ ಕುಂತೀಯೋ ತಮ್ಮಾ?" ಎಂದು ಒಬ್ಬರೂ ಕೇಳುವುದಿಲ್ಲ. ಆದರೆ ಐವತ್ತು ದಾಟಿದ ಹೆಂಗಸೊಬ್ಬಳು ತನ್ನ ಮನೆಯ ಹಿತ್ತಿಲಿನಲ್ಲಿ, ತನ್ನ ಪಾಡಿಗೆ ತಾನು, ಎದೆಮಟ್ಟ ಬಿಸಿನೀರಿನಲ್ಲಿ ಅರ್ಧ ತಾಸು ಏನೂ ಮಾಡದೆ ಕೂಡುತ್ತೇನೆ ಅಂದಳೋ, ಮುಗಿಯಿತು. ಕೈಯಲ್ಲಿ ಸೊಪ್ಪು ಸೋಸುತ್ತ ಕೂತರೆ ನಡೆಯುತ್ತದೆ, ಅಕ್ಕಿ ಆರಿಸುತ್ತ ಕೂತರೂ ನಡೆಯುತ್ತದೆ. ಸುಮ್ಮನೆ ಕೂಡುವುದು ಮಾತ್ರ ನಡೆಯುವುದಿಲ್ಲ. ನಾನು ಕೂತೆ. ಈಗಲೂ ಹೇಳುತ್ತೇನೆ, ಕೂತೆ. ಏನೀಗ?

ಸಿಟ್ಟಿಗೆದ್ದು ಮಾತು ಶುರು ಮಾಡಿಬಿಟ್ಟೆ, ಪರಿಚಯ ಹೇಳಲಿಲ್ಲ. ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ನನ್ನ ಸ್ವಂತ ಹೆಸರು ಓಣಿಯಲ್ಲಿ ಯಾರಿಗೂ ನೆನಪಿರಲಿಕ್ಕಿಲ್ಲ. ದಿನಾ ಬ್ಯಾಡಗಿಯಿಂದ ಹಾವೇರಿಗೆ, ಹಾವೇರಿಯಿಂದ ಬ್ಯಾಡಗಿಗೆ ಬಸ್ಸು. ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಬಸ್ಸಿನಲ್ಲಿ ಸೀಟೂ ಇಲ್ಲವಾಯಿತು. ನಿಂತು ಹೋಗಿ, ನಿಂತು ಪಾಠ ಮಾಡಿ, ನಿಂತು ತಿರುಗಿ ಬಂದು, ಮತ್ತೆ ಒಲೆಯ ಮುಂದೆ ನಿಂತು ನನ್ನ ನಡ ಒಂದು ದಿನ ಇನ್ನು ನನ್ನಿಂದಾಗದು ಅಂದುಬಿಟ್ಟಿತು. ಹಾವೇರಿಯ ಡಾಕ್ಟರು ಮುಟ್ಟಿ ನೋಡಿ, "ಅಕ್ಕೋರ, ಬಿಸಿನೀರು ಬರೇ ಸುರಕೊಂಡ್ರ ಆಗಂಗಿಲ್ರಿ. ನಡಾ ನೀರಾಗ ಮುಳಿಗಿಸಿ ಕುಂದರಬೇಕ್ರಿ" ಅಂದರು. ಕುಂದರಬೇಕು ಎನ್ನುವ ಮಾತನ್ನು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ರಾಣೇಬೆನ್ನೂರಿನಲ್ಲಿ ನನ್ನ ತಮ್ಮ ಇದ್ದಾನೆ. ಹೈವೇ ಪಕ್ಕ ಒಂದು ಲಾಡ್ಜ್ ಇಟ್ಟಿದ್ದಾನೆ. ಕೃಷ್ಣಮೃಗ ನೋಡಲು ಬರುವ ದೊಡ್ಡ ಮಂದಿ ಹಾಟ್ ಟಬ್ ಇದ್ದರೆ ಉಳಿದುಕೊಳ್ಳುತ್ತಾರೆ ಎಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು. ಗಾಳಿ ತುಂಬಿದರೆ ಉಬ್ಬಿ ನಿಲ್ಲುವ, ಬುಡದಲ್ಲಿ ನೀರು ಕಾಯಿಸುವ ಹೀಟರು, ಗುಳುಗುಳು ಗುಳ್ಳೆ ಬಿಡುವ ಯಂತ್ರ ಎಲ್ಲ ಇದ್ದ ದುಂಡನೆಯ ತೊಟ್ಟಿಯೊಂದನ್ನು ತರಿಸಿಟ್ಟ. ದೊಡ್ಡ ಮಂದಿ ಬಂದರು, ಒಗ್ಗರಣೆ ಮಂಡಕ್ಕಿ ಮಿರ್ಚಿ ತಿಂದರು, ಕೃಷ್ಣಮೃಗ ಕಾಣಲಿಲ್ಲ ಎಂದು ಬೈದು ಹೋದರು. ತೊಟ್ಟಿಯನ್ನು ಯಾರೂ ಕೇಳಲಿಲ್ಲ. "ಅಕ್ಕಾ, ನಿನಗ ನಡಾ ನೋವಲ್ಲಾ, ನೀನರ ಒಯ್ಯಿ. ಇಲ್ಲಿ ಬರೇ ಇಲಿ ಕಡಿಯಾಕತ್ಯಾವು" ಎಂದು ಟೆಂಪೋದಲ್ಲಿ ಹಾಕಿ ಕಳಿಸಿದ.

ತೊಟ್ಟಿ ನಮ್ಮ ಹಿತ್ತಿಲಿನಲ್ಲಿ ಉಬ್ಬಿ ನಿಂತ ದಿನ ಅದನ್ನು ನೋಡಲು ಮೊದಲು ಬಂದವರು ನಮ್ಮ ಅತ್ತೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳಿನಿಂದ ತಿವಿದು ನೋಡಿ, "ಎಮ್ಮಿ ಇಲ್ಲದ ಮನಿಗೆ ಬಾನಿ ಯಾತಕ್ಕವಾ?" ಅಂದರು. ಬಾನಿ ಎಂದರೆ ದನಗಳಿಗೆ ನೀರಿಡುವ ಕಲ್ಲಿನ ತೊಟ್ಟಿ. ಪಕ್ಕದ ಮನೆಯ ಶಾಂತಕ್ಕ ತನ್ನ ಮಾಳಿಗೆಯ ಮೇಲಿಂದಲೇ ಅದನ್ನು ಕೇಳಿಸಿಕೊಂಡಳು. ಸಂಜೆಯೊಳಗೆ ಇಡೀ ಓಣಿಯಲ್ಲಿ ಅದು 'ಅಕ್ಕೋರ ಬಾನಿ' ಆಗಿಹೋಯಿತು. ಹಾಲು ಹಾಕುವವನು "ಅಕ್ಕೋರ, ಬಾನಿ ತಂದೀರಂತ, ಎಮ್ಮಿ ಯಾವಾಗ ತರ್ತೀರಿ?" ಅಂದ. ಎಮ್ಮೆ ನಿನ್ನ ಮುಂದೆಯೇ ಪಾತ್ರೆ ಹಿಡಿದು ನಿಂತಿದೆ, ಸುಮ್ಮನೆ ಹಾಲು ಹಾಕಿ ಹೋಗು ಅಂದೆ.

ನಮ್ಮ ಮನೆಯವರು ಯಾರ್ಡಿನಲ್ಲಿ ಮೆಣಸಿನಕಾಯಿ ದಲಾಲರು. ಜಗಳವಾಡುವ ಜನವಲ್ಲ, ಆದರೆ ವ್ಯಾಪಾರಸ್ಥರಾದ್ದರಿಂದ ಷರತ್ತು ಹಾಕದೆ ಯಾವುದಕ್ಕೂ ಹೂಂ ಅನ್ನುವುದಿಲ್ಲ. "ನೋಡು, ನನ್ನದೇನೂ ತಕರಾರಿಲ್ಲ. ಆದ್ರ ಒಂದ ಸಲ ಏನರ ಹೆಚ್ಚು ಕಡಿಮಿ ಆತು, ಮರುದಿನಾನ ಇದು ರಾಣೇಬೆನ್ನೂರ ಟೆಂಪೋ ಹತ್ತತೈತಿ. ಆಮ್ಯಾಲ ಅಳಬ್ಯಾಡ" ಅಂದರು. "ಅಳೂ ಪೈಕಿ ನಾ ಅಲ್ರಿ" ಅಂದೆ. "ಅದರ ಬದಲಿ ಹಂಡೇದಾಗ ಕಾಸಿ ಕಾಸಿ ತುಂಬಿದ್ರ ಕರೆಂಟಿನ ಗದ್ದಲಾನ ಇಲ್ಲಲ್ಲಾ" ಎಂದು ಒಂದು ಉಪಾಯವನ್ನೂ ಕೊಟ್ಟರು. ನಡನೋವಿನ ಔಷಧ ತಯಾರಿಸಲು ಕೊಡಗಟ್ಟಲೆ ನೀರು ಹೊತ್ತು ಇದ್ದ ನಡವನ್ನೂ ಮುರಿದುಕೊಳ್ಳಬೇಕಂತೆ. ಹೊರುವವರು ಯಾರು ಎಂದು ಕೇಳಿದೆ. ಅವರಿಗೆ ಯಾರ್ಡಿನಿಂದ ಅರ್ಜೆಂಟ್ ಫೋನ್ ಬಂತು.

ಈಗ ಕರೆಂಟಿನ ವಿಷಯಕ್ಕೆ ಬರುತ್ತೇನೆ. ಹಿತ್ತಿಲಿನಲ್ಲಿ ಪ್ಲಗ್ ಇಲ್ಲ. ಹೀಟರಿಗೆ ಬೇಕಾದ ದೊಡ್ಡ ಪ್ಲಗ್ ಇರುವುದು ಅಡುಗೆಮನೆಯಲ್ಲಿ ಒಂದೇ. ಬಾನಿಯ ವೈರು ಗಿಡ್ಡ. ಅದರ ಜೊತೆ ಬಂದ ಪುಸ್ತಕದಲ್ಲಿ, ಕನ್ನಡ ಒಂದನ್ನು ಬಿಟ್ಟು ಪ್ರಪಂಚದ ಎಲ್ಲ ಭಾಷೆಗಳಲ್ಲೂ, ಎಕ್ಸ್‌ಟೆನ್ಶನ್ ವೈರು ಹಚ್ಚಬೇಡಿ ಎಂದು ಬರೆದಿತ್ತು. ಭಾಷೆ ಬಾರದವರಿಗೆಂದು ಒಂದು ವೈರಿನ ಚಿತ್ರ ಬರೆದು ಅದರ ಮೇಲೆ ಕೆಂಪು ಗೀಟು ಹೊಡೆದಿದ್ದರು. ನಾನು ಅದನ್ನು ಓದಿರಲಿಲ್ಲ ಎಂದು ನಮ್ಮ ಮನೆಯವರು ಕಂಡಕಂಡವರ ಮುಂದೆ ಹೇಳುತ್ತಾರೆ. ಓದಿದ್ದೆ. ಚೆನ್ನಾಗಿ ಓದಿ, ಇದು ವಿಜ್ಞಾನ ಗೊತ್ತಿಲ್ಲದವರಿಗೆ ಬರೆದದ್ದು ಎಂದು ತೀರ್ಮಾನ ಮಾಡಿದ್ದೆ. ವೈರಿನಲ್ಲಿ ಕರೆಂಟು ಹರಿದರೆ ಶಾಖ ಹುಟ್ಟುತ್ತದೆ ಎಂಬ ಪಾಠವನ್ನು ಇಡೀ ಹಾವೇರಿಗೆ ಕಲಿಸಿದವಳು ನಾನು. ಇವತ್ತು ಹಾವೇರಿಯಲ್ಲಿ ಇಸ್ತ್ರಿ ಪೆಟ್ಟಿಗೆ ಮುಟ್ಟಿ ಕೈ ಸುಟ್ಟುಕೊಳ್ಳುವ ಪ್ರತಿಯೊಬ್ಬರೂ ಕಾರಣಸಹಿತ ಸುಟ್ಟುಕೊಳ್ಳುತ್ತಾರೆ. ನನಗೆ ಚಿತ್ರ ತೋರಿಸಿ ಹೆದರಿಸುತ್ತಾರಂತೆ!

ಹಾಗೆಂದು ಬೇಜವಾಬ್ದಾರಿ ಮಾಡಲಿಲ್ಲ. ಟಿವಿಗೆ ಹಚ್ಚುವಂಥ ಸಪೂರ ವೈರು ನಾನು ಮುಟ್ಟಲೇ ಇಲ್ಲ. ನಮ್ಮ ಮನೆಯವರ ಅಂಗಡಿಯಿಂದ, ತೂಕದ ಯಂತ್ರಕ್ಕೂ ದೊಡ್ಡ ದೀಪಗಳಿಗೂ ಬಳಸುವ ದಪ್ಪ ವೈರಿನ ರೀಲು ತರಿಸಿದೆ. ತಾಮ್ರದ ತಂತಿ, ಮೂರು ಪಿನ್ನು, ಅರ್ತಿಂಗ್ ಎಲ್ಲ ಸರಿ ಇತ್ತು. ಯಾರ್ಡಿನಲ್ಲಿ ಆ ರೀಲನ್ನು ಯಾರೂ ಪೂರ್ತಿ ಬಿಚ್ಚುವುದಿಲ್ಲ. ಚೀಲ ಹೊರುವ ಹಮಾಲರ ಕಾಲಿಗೆ ತೊಡಕುತ್ತದೆಂದು ಬೇಕಾದಷ್ಟೇ ಎಳೆದುಕೊಂಡು ಉಳಿದದ್ದನ್ನು ಸುತ್ತಿಯೇ ಇಡುತ್ತಾರೆ. ನಾನೂ ಅಡುಗೆಮನೆಯ ಕಿಟಕಿಯಿಂದ ಹಿತ್ತಿಲಿನವರೆಗೆ ಬೇಕಾದಷ್ಟೇ ಎಳೆದೆ. ಉಳಿದದ್ದು ರೀಲಿನಲ್ಲೇ ಇತ್ತು. ಇನ್ನು ಉಳಿದದ್ದು ಒಂದೇ ಚಿಂತೆ. ಬಾನಿಯ ಪ್ಲಗ್ಗು ರೀಲಿಗೆ ಸೇರುವ ಜಾಗಕ್ಕೆ ನೀರು ಸಿಡಿಯಬಾರದು. ಅದನ್ನು ಒಣಗಿದ ಜಾಗದಲ್ಲಿ ಇಡಬೇಕು.

ಜನವರಿ ತಿಂಗಳು. ಬ್ಯಾಡಗಿಯವರಿಗೆ ಒಣಗಿದ್ದು ಅಂದರೆ ಕಣ್ಣ ಮುಂದೆ ಬರುವುದು ಒಂದೇ. ಹಿತ್ತಿಲಿನ ಒಂದು ಮೂಲೆಯಲ್ಲಿ ತಾಡಪಾಲಿನ ಮೇಲೆ ಅತ್ತೆಯವರ ಮೆಣಸಿನಕಾಯಿ ರಾಶಿ ಇತ್ತು. ಇಡೀ ವರ್ಷದ ಖಾರಪುಡಿಗೆ ಯಾರ್ಡಿನಲ್ಲೆಲ್ಲ ಹುಡುಕಿ ಆರಿಸಿ ತಂದ, ಸುಕ್ಕು ಸುಕ್ಕಾದ, ಕಡುಗೆಂಪು, ಕಡ್ಡಿ ಎಂಬ ಜಾತಿಯ ಕಾಯಿ. ಹಿಡಿದು ಅಲುಗಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತಿತ್ತು. ನಮ್ಮ ಮನೆಯವರೇ ಕಿವಿಯ ಹತ್ತಿರ ಹಿಡಿದು ಅಲುಗಿಸಿ, "ಏನ್ ಒಣಗೈತಿ ಮಾಲು!" ಅಂದಿದ್ದರು. ಅಷ್ಟು ದೊಡ್ಡ ದಲಾಲರು ಸರ್ಟಿಫಿಕೇಟ್ ಕೊಟ್ಟ ಮೇಲೆ ನಾನು ಬೇರೆ ಜಾಗ ಯಾಕೆ ಹುಡುಕಲಿ? ರಾಶಿಯ ನಡುವೆ ಕುಳಿ ಮಾಡಿ ರೀಲನ್ನು ಇಟ್ಟು, ಮೇಲೆ ಮೆಣಸಿನಕಾಯಿ ಎಳೆದು, ಅದರ ಮೇಲೆ ಗೋಣಿಚೀಲ ಹೊದಿಸಿದೆ. ಒಂದು ಹನಿ ನೀರು ಒಳಗೆ ಹೋಗುವಂತಿರಲಿಲ್ಲ. ಒಂದು ಚೂರು ಶಾಖ ಹೊರಗೆ ಬರುವಂತೆಯೂ ಇರಲಿಲ್ಲ. ಆದರೆ ಅದು ಆಗ ನನಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಸ್ವಿಚ್ ಹಾಕಿದೆ. ಅಷ್ಟು ನೀರು ಕಾಯಲು ಇಡೀ ದಿನ ಬೇಕು. ಸಂಜೆ, ಹಳೆಯ ಚೂಡಿದಾರ ಹಾಕಿಕೊಂಡು ಬಾನಿಯೊಳಗೆ ಇಳಿದೆ. ಇಳಿಯುವ ಮುಂಚೆ ಸ್ವಿಚ್ ತೆಗೆಯಬೇಕಿತ್ತು. ಆದರೆ ಸ್ವಿಚ್ ತೆಗೆದರೆ ಗುಳ್ಳೆ ನಿಲ್ಲುತ್ತವೆ, ನನಗೆ ಗುಳ್ಳೆ ಬೇಕಿದ್ದವು. ಅಯ್ಯೋ, ಏನು ಹೇಳಲಿ! ನಡ ಇದ್ದಲ್ಲಿ ನಡವೇ ಇಲ್ಲದಂತಾಯಿತು. ಬಸ್ಸು ಹೋಯಿತು, ಹಾವೇರಿ ಹೋಯಿತು, ಒಲೆ ಹೋಯಿತು. ಯಾರಿಗೂ ನನ್ನಿಂದ ಏನೂ ಬೇಕಿಲ್ಲದ ಒಂದು ಅರ್ಧ ತಾಸು ಈ ಭೂಮಿಯ ಮೇಲೆ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಶಾಂತಕ್ಕ ಮಾಳಿಗೆಯ ಮೇಲಿಂದ ಬಗ್ಗಿ, "ಕುಂತೀರೇನ್ರಿ ಅಕ್ಕೋರ?" ಅಂದಳು. "ಕುಂತೇನಿ" ಅಂದೆ. "ಇನ್ನೂ ಎಷ್ಟೊತ್ತು ಕುಂದ್ರತೀರಿ?" ಅಂದಳು. "ಮನಸ್ಸಿಗೆ ಬಂದಷ್ಟು" ಅಂದೆ. ಅವಳು ಹೋಗಲಿಲ್ಲ. ನೋಡುತ್ತಲೇ ನಿಂತಳು. ಉರಿದುಕೊಳ್ಳಲಿ ಎಂದು ಕಣ್ಣು ಮುಚ್ಚಿದೆ.

ಸುಗ್ಗಿಯಲ್ಲಿ ನಮ್ಮೂರಿನ ಗಾಳಿಯೇ ಮೆಣಸಿನಕಾಯಿ. ಹೊರಗಿನವರು ಸ್ಟೇಷನ್ನಿನಲ್ಲಿ ಇಳಿಯುತ್ತಲೇ ಸೀನುತ್ತಾರೆ, ನಮಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೇ ಆ ವಾಸನೆ ಶುರುವಾದಾಗ ನಾನು ಲಕ್ಷ್ಯ ಕೊಡಲಿಲ್ಲ. ಯಾರೋ ಚಟ್ನಿಗೆ ಹುರಿಯುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಗಂಟಲಲ್ಲಿ ಕಿರಿಕಿರಿಯಾಯಿತು. ಆಮೇಲೆ ಶಾಂತಕ್ಕ ಕೆಮ್ಮಿದಳು. ಅವಳ ಹಿಂದೆ ಅವಳ ಗಂಡ, ಆಚೆ ಮನೆಯವರು, ಓಣಿಯ ತುದಿಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದವನು, ಹೀಗೆ ಒಬ್ಬರಾದ ಮೇಲೊಬ್ಬರು ಕೆಮ್ಮತೊಡಗಿದರು. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಾವು ಊರೆಲ್ಲ ಹೇಳಿಕೊಂಡು ತಿರುಗುತ್ತೇವಲ್ಲ, ರಾಶಿಗೆ ರಾಶಿಯೇ ಹೊತ್ತಿದರೆ ಕಡಿಮೆ ಖಾರವೂ ಸಾಕಾಗುತ್ತದೆ. ಕಣ್ಣು ಬಿಟ್ಟು ನೋಡಿದರೆ ಗೋಣಿಚೀಲದಿಂದ ಹೊಗೆ ಏಳುತ್ತಿತ್ತು. ಸುತ್ತಿಯೇ ಇಟ್ಟ ವೈರು ದಿನವಿಡೀ ಒಂದರ ಶಾಖ ಒಂದಕ್ಕೆ ಕೊಟ್ಟುಕೊಳ್ಳುತ್ತ, ಅತ್ತೆಯವರ ವರ್ಷದ ಖಾರಪುಡಿಯನ್ನು ಬುಡದಿಂದ ಹುರಿದಿತ್ತು. ಪಾಠ ನೆನಪಾಯಿತು. ಪಾಠ ಪೂರ್ತಿ ನೆನಪಾದದ್ದು ನೀರಿನಲ್ಲಿ ಕೂತ ಮೇಲೆ.

ಅತ್ತೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಂದು ಕೊಡ ನೀರು ತಂದು ರಾಶಿಯ ಮೇಲೆ ಎತ್ತಿಯೇ ಬಿಟ್ಟಿದ್ದರು. "ನೀರು ಹಾಕಬ್ಯಾಡ್ರೀ! ಯಾರೂ ಏನೂ ಮುಟ್ಟಬ್ಯಾಡ್ರಿ! ಮೊದಲ ಮೇನ್ ಸ್ವಿಚ್ ತಗೀರಿ!" ಎಂದು ನಾನು ಕೂತಲ್ಲಿಂದಲೇ ಕೂಗಿದೆ. ಕೊನೆಯ ಬೆಂಚಿಗೆ ಮುಟ್ಟುವ ದನಿ ನನ್ನದು. ಅತ್ತೆಯವರು ಕೊಡ ಸಮೇತ ನಿಂತಲ್ಲೇ ನಿಂತರು. ನಮ್ಮ ಮನೆಯವರು ಒಳಗಿನಿಂದ, "ಯಾವ ಮಾಲ ಸುಟ್ಟತು? ಕಡ್ಡಿ ಏನು?" ಎಂದು ವಿಚಾರಣೆ ಶುರು ಮಾಡಿದರು. "ನಾ ಇನ್ನೂ ನೀರಾಗ ಕುಂತೇನ್ರಿ!" ಅಂದೆ. ಆಗ ಓಡಿದರು. ಅದನ್ನು ಒಪ್ಪಬೇಕು, ಪಂಜೆ ಎತ್ತಿಕೊಂಡು ಅವರು ಓಡಿದ್ದನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ನೋಡಿದೆ. ಕಟಕ್ಕೆಂದು ಕರೆಂಟು ಹೋಯಿತು, ಗುಳ್ಳೆ ನಿಂತವು, ನಾನು ಹೊರಗೆ ಬಂದೆ. ಬುಟ್ಟಿಗಟ್ಟಲೆ ಮಣ್ಣು ಸುರಿದು ಬೆಂಕಿ ಆರಿಸಿದೆವು. ಒಳಗೆ ರೀಲು ಕರಗಿ ಒಂದು ಮುದ್ದೆಯಾಗಿ ಕೂತಿತ್ತು.

"ನಾಳೆ ಟೆಂಪೋ" ಅಂದರು ನಮ್ಮ ಮನೆಯವರು. ಕೆಮ್ಮಿನ ನಡುವೆಯೂ ಷರತ್ತು ಮರೆತಿರಲಿಲ್ಲ. "ತಪ್ಪು ವೈರಿಂದು. ಬಾನಿ ಏನ ಮಾಡೈತ್ರಿ?" ಅಂದೆ. "ವೈರು ತಾನಾಗೇ ಹೋಗಿ ಮೆಣಸಿನಕಾಯ್ಯಾಗ ಮಲಗಿತ್ತೇನು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಆದರೆ ಅಷ್ಟರಲ್ಲಿ ಅತ್ತೆಯವರು ಮಾತಾಡಿದರು. ಓಣಿಯ ಮಂದಿಯೆಲ್ಲ ಕಣ್ಣು ಮೂಗು ಒರೆಸಿಕೊಳ್ಳುತ್ತ ಹಿತ್ತಿಲಿನಲ್ಲಿ ಸೇರಿತ್ತು. ಅವರನ್ನೆಲ್ಲ ನಿಧಾನವಾಗಿ ನೋಡಿ, "ಇಷ್ಟ ಘಾಟ ಬಂತಂದ್ರ ಒಂದ ಖಾತ್ರಿ ಆತು ಬಿಡು. ನಿನ್ನ ಬಾನಿಗೆ ಯಾರ ದೃಷ್ಟಿನೂ ಆಗಿಲ್ಲ" ಅಂದರು.

ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಬೆಂಕಿಗೆ ಹಾಕಿದಾಗ ಘಾಟು ಬರದಿದ್ದರೆ ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದರ್ಥ, ಘಾಟು ಬಂದರೆ ಏನೂ ಬಿದ್ದಿಲ್ಲ. ನಾನು ವಿಜ್ಞಾನದ ಶಿಕ್ಷಕಿ, ಇದನ್ನೆಲ್ಲ ನಂಬುವುದಿಲ್ಲ. ನಂಬದಿದ್ದರೂ ಆ ಮಾತು ನನಗೆ ಚುಚ್ಚಿದಷ್ಟು ನಡನೋವೂ ಚುಚ್ಚಿರಲಿಲ್ಲ. ಇಡೀ ವಾರ ನಾನು ಓಣಿಯ ವಿರುದ್ಧ ಎದೆ ಸೆಟೆಸಿ ನಿಂತಿದ್ದೆ. ಎಲ್ಲರೂ ನನ್ನ ಬಾನಿ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಾರೆ ಎಂಬ ಧೈರ್ಯದ ಮೇಲೆ ಎಲ್ಲರಿಗೂ ಎದುರುತ್ತರ ಕೊಟ್ಟಿದ್ದೆ. ಈಗ ನೋಡಿದರೆ ಒಬ್ಬರಿಗೂ ಉರಿದಿಲ್ಲವಂತೆ! ಶಾಂತಕ್ಕ ಮೂಗು ಸೇದಿಕೊಂಡು, "ನಾ ಯಾಕ್ರಿ ಕಣ್ಣ ಹಾಕ್ಲಿ? ನನ್ನ ಮೊಣಕಾಲಿಗೂ ನೀರು ಹಿಡಸತೈತೇನೋ ಅಂತ ನೋಡಾಕತ್ತಿದ್ದೆ" ಅಂದಳು. ಅತ್ತೆಯವರು ಅದನ್ನು ಕೇಳಿಸಿಕೊಂಡು ಬಾನಿಯ ದಂಡೆಯ ಮೇಲೆ ಕೂತು ಸೀರೆ ಒಂದಿಷ್ಟು ಎತ್ತಿ ಎರಡೂ ಪಾದ ನೀರಿಗೆ ಬಿಟ್ಟರು. ನೀರು ಇನ್ನೂ ಬಿಸಿಯಾಗಿತ್ತು. ಪ್ರತಿ ಶನಿವಾರ ಕದರಮಂಡಲಗಿ ಹನುಮಪ್ಪನ ಗುಡಿಯಲ್ಲಿ ಸುತ್ತು ಹಾಕಿ ಹಾಕಿ ಊದಿದ ಕಾಲುಗಳು ಅವು. ಕೊನೆಗೆ ಮಗನ ಕಡೆ ತಿರುಗಿ, "ಇದನ್ನ ಟೆಂಪೋಕ್ಕ ಹಾಕಿದ್ರ ನಿನ್ನೂ ಕೂಡೇ ಹಾಕಿ ಕಳಸ್ತೇನಿ" ಅಂದರು.

ಮರುದಿನ ಹಾವೇರಿಯಿಂದ ವೈರಿಂಗ್ ಮಾಡುವವನನ್ನು ಕರೆಸಿದೆ. ಅವನು ಸುತ್ತಲೂ ನೋಡಿ, "ಏನಿಲ್ರಿ ಅಕ್ಕೋರ, ಇನ್ನೊಂಚೂರು ದಪ್ಪಂದ ಎಕ್ಸ್‌ಟೆನ್ಶನ್ ಕೊಡ್ತೇನಿ, ಮುಗೀತು" ಅಂದ. ನಾನು ಆ ಶಬ್ದ ಇನ್ನೊಮ್ಮೆ ಈ ಮನೆಯಲ್ಲಿ ಕೇಳಬಾರದು ಅಂದೆ. ಮೀಟರ್ ಬೋರ್ಡಿನಿಂದ ನೇರವಾಗಿ ಬಾನಿಗೆಂದೇ ಬೇರೆ ಲೈನು ಎಳೆಸಿದೆ. ಅದಕ್ಕೆ ಬೇರೆ ಸ್ವಿಚ್ಚು, ಜೊತೆಗೆ ಕರೆಂಟು ಚೂರು ದಾರಿ ತಪ್ಪಿದರೂ ತಾನೇ ಬಂದ್ ಆಗುವ ಇನ್ನೊಂದು ಸ್ವಿಚ್ಚು. ಬಾನಿಯಲ್ಲಿ ಕೂತವರ ಕೈಗೆ ಎಟುಕದಷ್ಟು ದೂರದ ಗೋಡೆಯ ಮೇಲೆ ಮುಚ್ಚಳವಿದ್ದ ಪ್ಲಗ್ಗು. ಉಪ್ಪು ಇದ್ದಲು ತುಂಬಿ ಹೊಸ ಅರ್ತಿಂಗ್ ಗುಂಡಿ. ಅದು ಒಣಗದಂತೆ ದಿನಾ ನೀರು ಹಾಕಬೇಕು. ನೀರು ಕಾದ ಮೇಲೆ ಸ್ವಿಚ್ ತೆಗೆದು, ಪ್ಲಗ್ ಕಿತ್ತು, ಆಮೇಲೆ ಇಳಿಯಬೇಕು. ಗುಳ್ಳೆ ಬೇಕಾದವರು ಬಾಯಿಂದ ಊದಿಕೊಳ್ಳಬೇಕು. ಇಷ್ಟೂ ನಿಯಮ ನಾನೇ ಮಾಡಿದ್ದು. ಓಣಿಯಲ್ಲಿ ಇವನ್ನು ಸರಿಯಾಗಿ ಬಲ್ಲವಳು ನಾನೊಬ್ಬಳೇ ಆದ್ದರಿಂದ ಸ್ವಿಚ್ಚಿನ ಜವಾಬ್ದಾರಿಯೂ ನನಗೇ ಬಂತು.

ಆಗ ಶುರುವಾಯಿತು ನೋಡಿ. ಹೊತ್ತು ಇಳಿಯುತ್ತಲೇ ಅತ್ತೆಯವರು ಒಂದು ಕಡೆ, ಶಾಂತಕ್ಕ ಇನ್ನೊಂದು ಕಡೆ, ಅವರ ಜೊತೆ ಆ ದಿನ ಯಾರ ಕಾಲು ನೋಯುತ್ತದೋ ಅವರು. ಅವರೆಲ್ಲ ಎದ್ದ ಮೇಲೆ, ಯಾರ್ಡಿನಲ್ಲಿ ನಿಂತು ನಿಂತು ಸುಸ್ತಾದ ನಮ್ಮ ಮನೆಯವರು. ನಾನು ಹಾವೇರಿಯಿಂದ ಬಸ್ಸಿನಲ್ಲಿ ನಿಂತು ಬಂದು, ಚೀಲ ಇಡುವುದರೊಳಗೆ "ಅಕ್ಕೋರ ಬಂದ್ರು, ಸ್ವಿಚ್ ತಗಸ್ರಿ" ಎನ್ನುವ ದನಿ ಹಿತ್ತಿಲಿನಿಂದ ಬರುತ್ತದೆ. ಸ್ವಿಚ್ ತೆಗೆದು, ಪ್ಲಗ್ ಕಿತ್ತು, ಅರ್ತಿಂಗ್ ಗುಂಡಿಗೆ ಕೊಡ ನೀರು ಹಾಕಿ, ಅವರು ಕೂತು ಸೊಸೆಯಂದಿರ ವಿಷಯ ಮಾತಾಡುವುದನ್ನು ನಿಂತು ಕೇಳುತ್ತೇನೆ. ನನ್ನ ಪಾಳಿ ಬರುವ ಹೊತ್ತಿಗೆ ನೀರು ಆರಿರುತ್ತದೆ. ಬಚ್ಚಲಿಗೆ ಹೋಗಿ ನಡಕ್ಕೆ ಒಂದು ಬಕೆಟ್ ಸುರಿದುಕೊಂಡು ಮಲಗುತ್ತೇನೆ. ಇಷ್ಟಾದರೂ ಒಂದು ದಿನವೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಬರೇ ನೋಡುತ್ತ ನಿಂತೆ.

ಮೊನ್ನೆ ಬೆಳಿಗ್ಗೆ ಎದ್ದು ನೋಡಿದರೆ ಬಾನಿಯ ಒಂದು ಮಗ್ಗುಲು ಮೆತ್ತಗಾಗಿ ಬಾಗಿತ್ತು. ಗಾಳಿ ತುಂಬುವ ಬಾಯಿಯ ಮುಚ್ಚಳ ಸಡಿಲಾಗಿತ್ತು, ಅಷ್ಟೇ. ಬಿಗಿ ಮಾಡಿ ಮತ್ತೆ ಗಾಳಿ ತುಂಬಿ ನೀರು ಕಾಯಲು ಹಚ್ಚಿದೆ. ಆದರೆ ಅತ್ತೆಯವರು ಒಪ್ಪಬೇಕಲ್ಲ! "ಯಾರದೋ ಕಣ್ಣ ಬಿದ್ದೈತಿ" ಎಂದು ಸಂಜೆ ಉಪ್ಪು ಮೆಣಸಿನಕಾಯಿ ಹಿಡಿದುಕೊಂಡು ಬಾನಿಯ ಸುತ್ತ ನಿವಾಳಿಸಿ ಬಚ್ಚಲ ಒಲೆಯ ಕೆಂಡಕ್ಕೆ ಹಾಕಿದರು. ಎಲ್ಲರೂ ಮೂಗು ಮುಚ್ಚಿಕೊಂಡು ಕಾದೆವು. ಘಾಟು ಬರಲಿಲ್ಲ. ಮೂಗಿನ ಮೇಲಿನ ಸೆರಗು ತೆಗೆದೆವು. ಆಗಲೂ ಬರಲಿಲ್ಲ. ಅಂದು ಇಡೀ ಓಣಿಯನ್ನು ಕೆಮ್ಮಿಸಿದ ಅದೇ ರಾಶಿಯಲ್ಲಿ ಉಳಿದ ಕಾಯಿ!

"ಭಾಳ ಕೆಟ್ಟ ದೃಷ್ಟಿ ಆಗೈತಿ" ಅಂದರು ಅತ್ತೆಯವರು. ಶಾಂತಕ್ಕ ಗಾಬರಿಯಾಗಿ, "ಯಾರ್ದಿರಬೇಕ್ರಿ ಅದು?" ಅಂದಳು. "ಬಾನ್ಯಾಗ ಕುಂತವ್ರು ಯಾಕ ಕಣ್ಣ ಹಾಕ್ತಾರ? ದಿನಾ ನಿಂತು ನೋಡವ್ರು ಹಾಕ್ತಾರ" ಎಂದು ಹೇಳಿ ಅತ್ತೆಯವರು ಮೆಲ್ಲಗೆ ತಲೆ ತಿರುಗಿಸಿದರು. ಶಾಂತಕ್ಕನೂ ತಿರುಗಿದಳು. ನಮ್ಮ ಮನೆಯವರೂ ತಿರುಗಿದರು. ನಾನು ಸ್ವಿಚ್ ತೆಗೆದು, ಕಿತ್ತ ಪ್ಲಗ್ ಕೈಯಲ್ಲಿ ಹಿಡಿದು ನಿಂತಿದ್ದೆ. ಕೆಂಡ ಆರಿತ್ತು, ಕಾಯಿ ತಂಪು ಹಿಡಿದಿತ್ತು, ಕಾರಣ ಬೇಕಾದರೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ ಎಂದು ಶುರು ಮಾಡಿದವಳು ಅರ್ಧಕ್ಕೇ ಬಿಟ್ಟೆ. ಯಾಕೆ ಮುಚ್ಚಿಡಬೇಕು? ಎದೆ ಸೆಟೆಸಿ, ಕೊನೆಯ ಬೆಂಚಿಗೆ ಮುಟ್ಟುವ ದನಿಯಲ್ಲಿ, "ಹೌದ್ರಿ, ನಂದ ಕಣ್ಣು! ಏನೀಗ?" ಅಂದೆ. ಅಷ್ಟರಲ್ಲಿ ಪ್ಲಗ್ ಕಿತ್ತಿದ್ದು ನೋಡುತ್ತಲೇ ಎಲ್ಲರೂ ಬಾನಿಗೆ ಇಳಿಯತೊಡಗಿದ್ದರು.